ಜಿಜಾಬಾಯಿಯ ಐವತ್ತೆರಡು ಕವಡೆ

ಜಿಜಾಬಾಯಿ ಜೋಗವಾ ಬೇಡುವುದು ಐದೇ ಕಡೆ. ಆರನೆಯ ಬಾಗಿಲಿಗೆ ಹೋಗುವುದಿಲ್ಲ, ನಾಲ್ಕಕ್ಕೆ ನಿಲ್ಲಿಸುವುದೂ ಇಲ್ಲ. ತುಳಜಾಪುರದ ಭವಾನಿಗೆ ನಡೆದುಕೊಳ್ಳುವ ಆರಾಧಿಗಳ ನೇಮ ಅದು. ಮಂಗಳವಾರ ಮತ್ತು ಶುಕ್ರವಾರ ಕೊರಳಿಗೆ ಕವಡೆ ಸರ ಹಾಕಿಕೊಂಡು, ಪರಡಿ ಎನ್ನುವ ಬಿದಿರಿನ ಬುಟ್ಟಿ ಹಿಡಿದು, ಐದು ಬಾಗಿಲಲ್ಲಿ ನಿಂತು ದೇವಿಯ ಹೆಸರಿನಲ್ಲಿ ಬೇಡಬೇಕು. ಮಂಗಳವಾರ ಅವಳದು ಕಲ್ಯಾಣದಲ್ಲಿ ಐದು ಮನೆ. ಶುಕ್ರವಾರ ಹುಮನಾಬಾದಿನಲ್ಲಿ ಐದು ಅಂಗಡಿ. ಮಾಣಿಕನಗರದ ಕಡೆ ಹೋಗುವ ರಸ್ತೆಯಲ್ಲಿ ಅವಳ ಮೂರನೆಯ ಅಂಗಡಿ ನನ್ನ ಮೆಡಿಕಲ್ ಆಗಿತ್ತು.

ನನ್ನ ಹೆಸರು ವೀರಭದ್ರ. ಇಪ್ಪತ್ತೆರಡು ವರ್ಷದಿಂದ ಇದೇ ಗಲ್ಲೆಯ ಹಿಂದೆ ಕೂತಿದ್ದೇನೆ. ಓದಿದ್ದು ಡಿ.ಫಾರ್ಮ, ಅದೂ ಎರಡನೆಯ ಸಲ ಕೂತು ಪಾಸಾದದ್ದು. ಆದರೂ ಸುತ್ತಲಿನ ಹಳ್ಳಿಯವರು ನನ್ನನ್ನು ಡಾಕ್ಟರ್ ಸಾಬ್ ಎನ್ನುತ್ತಾರೆ. ನಾನು ಡಾಕ್ಟರ್ ಅಲ್ಲ ಎಂದು ತಿದ್ದಬೇಕಿತ್ತು, ಒಂದು ದಿನವೂ ತಿದ್ದಲಿಲ್ಲ. ಕಿವಿಗೆ ಹಿತವಾಗಿರುತ್ತದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದುವಾಗ ನನ್ನ ಮೇಲೆ ಯಾರಿಗೂ ಕನಿಕರ ಬರುವುದು ಬೇಡ.

ಜಿಜಾಬಾಯಿ ಮಂಠಾಳದವಳು. ವಯಸ್ಸು ಐವತ್ತೆಂಟೋ ಅರವತ್ತೋ, ಅವಳಿಗೇ ಗೊತ್ತಿಲ್ಲ. ಗಿಡ್ಡ ಆಳು, ಕಟ್ಟುಮಸ್ತಾದ ಕೈ, ಹಣೆ ತುಂಬ ಕುಂಕುಮ. ವಾರದ ಐದು ದಿನ ಮಂದಿಯ ಹೊಲದಲ್ಲಿ ತೊಗರಿ, ಸೋಯಾ, ಕಬ್ಬು ಎಂದು ಕೂಲಿ. ಎರಡು ದಿನ ಭವಾನಿಗೆ. ಗಂಡ ತುಳಜಾರಾಮ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು, ಮಗಳು ನಾಲ್ಕನೇ ಇಯತ್ತೆಯಲ್ಲಿದ್ದಾಗ ತೀರಿಕೊಂಡ. ಆಮೇಲೆ ಮನೆಯಲ್ಲಿ ಇವಳು, ಮಗಳು ಸಪ್ನಾ, ಗೂಟದಲ್ಲಿ ಒಂದು ಆಡು. ಹೆಂಗಸರಿಗೆ ಬಸ್ಸು ಫುಕಟ್ ಆದಾಗ ಅವಳು ನನ್ನ ಅಂಗಡಿ ಮುಂದೆ ನಿಂತು ಸೊನ್ನೆ ರೂಪಾಯಿಯ ಟಿಕೀಟು ತೋರಿಸಿ, "ನೋಡ್ರಿ ಡಾಕ್ಟರ್ ಸಾಬ್ರ, ಸರಕಾರನೂ ಭವಾನಿ ಆರಾಧಿ ಆಗ್ಯದ," ಎಂದು ನಕ್ಕಿದ್ದಳು.

ನನಗೂ ಅವಳಿಗೂ ಹೀಗೆ ಚೇಷ್ಟೆಯ ಸಲಿಗೆ ಇತ್ತು. ನನ್ನ ಗುಳಿಗೆಗಿಂತ ತಾನು ಹಚ್ಚುವ ಅರಿಶಿನದ ಭಂಡಾರ ಸಸ್ತಾ ಎನ್ನುವಳು. ಅರಿಶಿನಕ್ಕೆ ಎಕ್ಸ್‌ಪೈರಿ ಇಲ್ಲ, ನನಗೆ ಅದೇ ಹೊಟ್ಟೆಉರಿ ಎನ್ನುವೆ ನಾನು. ಪರಡಿಗೆ ಒಂದು ನಾಣ್ಯ ಹಾಕಿದರೆ ನನ್ನ ಹಣೆಗೂ ಗಲ್ಲೆಗೂ ಒಂದೊಂದು ಚಿಟಿಕೆ ಭಂಡಾರ ಹಚ್ಚಿ, "ಉದೋ ಉದೋ" ಎಂದು ನಾಲ್ಕನೆಯ ಅಂಗಡಿಗೆ ನಡೆಯುವಳು. ಶುಕ್ರವಾರ ಅವಳು ಬಂದು ಹೋಗದೆ ನನಗೆ ಬೋಣಿ ಆದಂತೆ ಅನಿಸುತ್ತಿರಲಿಲ್ಲ.

ಅವಳ ಕೊರಳಿನ ಸರದ ಬಗ್ಗೆ ಹೇಳಲೇಬೇಕು. ಐವತ್ತೆರಡು ಕವಡೆ, ದಪ್ಪ ಕರಿ ಉಣ್ಣೆಯ ಹುರಿಯಲ್ಲಿ ಪೋಣಿಸಿದ್ದು. ಅವಳ ಅವ್ವನದು, ಅದಕ್ಕೂ ಮೊದಲು ಅವ್ವನ ಅವ್ವನದು. ತಾಯಿಯಿಂದ ಮಗಳಿಗೆ ಹೋಗುವ ಸರ ಅದು, ಸೊಸೆಗೆ ಹೋಗುವಂಥದಲ್ಲ. ಕವಡೆಗಳೆಲ್ಲ ಹಳದಿ ತಿರುಗಿ, ಬೆನ್ನು ಸವೆದು, ಹಲ್ಲು ಮಾತ್ರ ಬೆಳ್ಳಗೆ ಉಳಿದಿದ್ದವು. ಹುರಿ ಜೀರ್ಣವಾದರೆ ಹಳೆಯದನ್ನು ಎಳೆಯುವ ಮೊದಲೇ ಹೊಸದನ್ನು ಜೊತೆಗೆ ತೂರಿಸುತ್ತಿದ್ದಳಂತೆ, ಸರ ಒಂದು ಗಳಿಗೆಯೂ ಬಿಚ್ಚಿಹೋಗಬಾರದೆಂದು. ಯಾವುದಾದರೂ ಕವಡೆ ತಾನಾಗಿ ಒಡೆದರೆ ಬಿಸಾಡುವಂತಿಲ್ಲ. ಎರಡು ಮಣ್ಣಿನ ಮುಚ್ಚಳದ ನಡುವೆ ಇಟ್ಟು, ಸುತ್ತ ಕೆಸರು ಮೆತ್ತಿ, ಕುಳ್ಳಿನ ಉರಿಯಲ್ಲಿ ಸುಟ್ಟು, ಬೂದಿ ಮಾಡಿಡಬೇಕು. ಕೂಸುಗಳ ಹೊಟ್ಟೆನೋವಿಗೆ, ಸೋರುವ ಕಿವಿಗೆ ಆ ಬೂದಿಯನ್ನು ಕೇಳಿಕೊಂಡು ಮಂದಿ ಬರುತ್ತಿದ್ದರು. ಒಡೆದ ಕವಡೆಯ ಜಾಗಕ್ಕೆ ತುಳಜಾಪುರದಿಂದ ಬೇರೆ ತರುವುದು. ಹಾಗೆ ಸರ ಯಾವತ್ತೂ ಐವತ್ತೆರಡೇ.

ಸಪ್ನಾಳಿಗೆ ಈ ಸರ ಬೇಡವಾಗಿತ್ತು. ಕಲ್ಯಾಣದಲ್ಲಿ ಪಿಯುಸಿ ಮುಗಿಸಿದವಳು, ಮನೆಯಲ್ಲೇ ಮಷೀನ್ ಇಟ್ಟುಕೊಂಡು ಸೀರೆಯ ಜಂಪರ್ ಹೊಲಿಯುತ್ತಿದ್ದಳು. ಮಂಠಾಳದಲ್ಲಿ ಮದುವೆಯಾದರೆ ಮದುಮಗಳ ಜಂಪರ್ ಅವಳ ಕೈಯದೇ ಆಗಬೇಕು, ಅಷ್ಟು ಹೆಸರು. ಒಮ್ಮೆ ಅವ್ವನ ಜೊತೆ ನನ್ನ ಅಂಗಡಿಗೆ ಬಂದಿದ್ದಾಗ ನಾನು ಸುಮ್ಮನಿರಲಾರದೆ, ಮುಂದೆ ಪರಡಿ ನಿನ್ನ ಕೈಗೆ ಬರುತ್ತದಲ್ಲ ಎಂದೆ.

"ನಾ ಸೂಜಿ ಹಿಡದ ಕೈಲೆ ಪರಡಿ ಹಿಡಿಯಾಂಗಿಲ್ರಿ ಕಾಕಾ," ಎಂದಳು. "ಅವ್ವನ ಮಾಲಿ ಅವ್ವನ ಕೊರಳಾಗೇ ಛಂದ ಕಾಣ್ತದ."

ಜಿಜಾಬಾಯಿ ಸರವನ್ನು ಸೆರಗಿನೊಳಗೆ ಸರಿಸಿಕೊಂಡಳು. ಬೇಜಾರಾಗಿತ್ತು ಅವಳಿಗೆ, ಅದು ನನಗೂ ಕಂಡಿತ್ತು.

ಹೋದ ವರ್ಷ ಸಂಕ್ರಾಂತಿ ಹೊತ್ತಿಗೆ ಸಪ್ನಾಳಿಗೆ ಜ್ವರ ಶುರುವಾಯಿತು. ಎರಡು ವಾರವಾದರೂ ಇಳಿಯಲಿಲ್ಲ. ಮುಖ ಸುಣ್ಣ ಬಳಿದಂತಾಯಿತು, ತೊಡೆಯ ಮೇಲೆ ಏಟು ಬೀಳದೆಯೇ ನೀಲಿ ಕಲೆ. ಕಲ್ಯಾಣದ ಡಾಕ್ಟರು ರಕ್ತ ನೋಡಿ ತಡ ಮಾಡದೆ ಹೈದರಾಬಾದಿಗೆ ಕಳಿಸಿದರು. ಅಲ್ಲಿಯ ದೊಡ್ಡ ದವಾಖಾನೆಯಲ್ಲಿ ಎಲುಬಿನೊಳಗಿನ ಮಜ್ಜೆ ತೆಗೆದು ನೋಡಿ ರಕ್ತದ ಕ್ಯಾನ್ಸರ್ ಎಂದರು. ಸರಕಾರದ ಆರೋಗ್ಯ ಕಾರ್ಡ್ ಇದ್ದುದರಿಂದ ಖರ್ಚಿನ ಚಿಂತೆ ಇರಲಿಲ್ಲ. ಮೂರು ದಿನದೊಳಗೆ ಬಂದು ಸೇರಬೇಕು, ಒಂದು ದಿನವೂ ಮುಂದೂಡುವಂತಿಲ್ಲ ಎಂದು ಚೀಟಿ ಬರೆದುಕೊಟ್ಟಿದ್ದರು.

ತಾಯಿ ಮಗಳು ಆ ಚೀಟಿ ಹಿಡಿದು ನೇರ ನನ್ನ ಅಂಗಡಿಗೆ ಬಂದರು. ಸಪ್ನಾ ಬೆಂಚಿನ ಮೇಲೆ ಗೋಡೆಗೆ ಒರಗಿ ಕೂತಳು. ಹೋಗುವುದಿಲ್ಲ ಎಂದು ಬಸ್ಸಿನಲ್ಲೇ ಹಟ ಹಿಡಿದಿದ್ದಳಂತೆ. ಅವರ ಓಣಿಯ ಯಶೋದಾಬಾಯಿ ಎಂಬಾಕೆ ಹಿಂದಿನ ವರ್ಷ ಇದೇ ಥರದ ಇಂಜೆಕ್ಷನ್ ಹಾಕಿಸಿಕೊಂಡು ಹದಿನೈದು ದಿನದಲ್ಲಿ ಹೆಣವಾಗಿ ಬಂದಿದ್ದಳು.

"ಮಂದಿ ಇದು ವಿಷ ಅಂತಾರಲ್ರಿ," ಎಂದಳು ಜಿಜಾಬಾಯಿ. "ಖರೇ ಹೇಳ್ರಿ ಡಾಕ್ಟರ್ ಸಾಬ್ರ. ಏನು ಔಷಧ ಇದು?"

ಚೀಟಿಯಲ್ಲಿ ಸೈಟರಬೀನ್ ಎಂದಿತ್ತು. ಅದು ನಮ್ಮಂಥ ಅಂಗಡಿಯಲ್ಲಿ ಮಾರುವ ಮಾಲಲ್ಲ, ನಾನು ಕಣ್ಣಿಂದ ನೋಡಿದವನೂ ಅಲ್ಲ. ಆದರೆ ಔಷಧ ಕಂಪನಿಯವರು ವರ್ಷಕ್ಕೊಮ್ಮೆ ಕೊಡುವ ಬಣ್ಣದ ಪುಸ್ತಿಕೆಯೊಂದರಲ್ಲಿ ಆ ಹೆಸರು ಓದಿದ್ದೆ. ಸಮುದ್ರದಿಂದ ಬಂದ ಔಷಧಗಳು ಎಂದು ಎರಡು ಪುಟದ ಲೇಖನ. ಎಪ್ಪತ್ತು ವರ್ಷಕ್ಕೂ ಹಿಂದೆ, ದೂರದ ಕೆರಿಬಿಯನ್ ಸಮುದ್ರದ ಸ್ಪಂಜು ಎಂಬ ಒಂದು ಜೀವಿಯಲ್ಲಿ ಯಾರೂ ಕಾಣದ ರಾಸಾಯನಿಕ ಸಿಕ್ಕಿತು, ಅದರಿಂದ ಸುಳಿವು ಹಿಡಿದು ಈ ಔಷಧ ಮಾಡಿದರು ಎಂದಿತ್ತು. ಶಂಖದ ಜಾತಿಯ ವಿಷದ ಹುಳವೊಂದರಿಂದ ನೋವಿನ ಮದ್ದು ಬಂದದ್ದನ್ನೂ ಬರೆದಿದ್ದರು. ಗಿರಾಕಿ ಇಲ್ಲದ ಮಧ್ಯಾಹ್ನ ಓದಿದ್ದು. ಓದಿದ್ದನ್ನು ಯಾರಿಗಾದರೂ ಹೇಳಬೇಕೆಂಬ ತುರಿಕೆ ನನಗೆ ಮೊದಲಿನಿಂದಲೂ ಇದೆ.

"ವಿಷ ಅಲ್ರಿ ಆಯಿ," ಎಂದೆ. "ಇದರ ಮೂಲ ಸಮುದ್ರದಾಗ ಅದ. ನೀರಿನ ತಳದಾಗ ಕಲ್ಲಿಗೆ ಅಂಟಿಕೊಂಡು ಒಂದು ಜೀವ ಇರ್ತದ. ಕೈ ಇಲ್ಲ, ಕಾಲಿಲ್ಲ, ಯಾರರ ತಿನ್ನಾಕ ಬಂದ್ರ ಓಡಿ ಹೋಗಾಕ ಬರಂಗಿಲ್ಲ. ಅದಕ್ಕ ಮೈಯೊಳಗ ಔಷಧ ಮಾಡ್ಕೊಂಡು ತನ್ನ ತಾ ಕಾಯ್ಕೋತದ. ಅದನ್ನ ನೋಡೇ ಈ ಇಂಜೆಕ್ಷನ್ ಮಾಡ್ಯಾರ."

ಇಷ್ಟಕ್ಕೇ ಬಾಯಿ ಮುಚ್ಚಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಅವಳ ಮುಖದ ಮೇಲೆ ಇನ್ನೂ ಹೆದರಿಕೆ ಇತ್ತು. ಅದನ್ನು ಹೇಗಾದರೂ ತೆಗೆಯಬೇಕೆನಿಸಿತು. ಗಲ್ಲೆಯ ಮೇಲಿಂದ ಬಗ್ಗಿ, ಅವಳ ಕೊರಳಿನ ಸರಕ್ಕೆ ಬೆರಳು ಮಾಡಿ ತೋರಿಸಿದೆ.

"ನಿಮ್ಮ ಕೊರಳಾಗಿರೂ ಕವಡಿನೂ ಅದೇ ಸಮುದ್ರದ್ದು, ಅದೇ ಬಳಗದ್ದು."

ಸ್ಪಂಜಿಗೂ ಕವಡೆಗೂ ಎಲ್ಲಿಯ ಬಳಗ? ಎರಡೂ ಉಪ್ಪು ನೀರಿನಲ್ಲಿ ಇರುತ್ತವೆ ಅನ್ನುವುದು ಬಿಟ್ಟರೆ ಬೇವಿನ ಗಿಡಕ್ಕೂ ಅದರ ಕೆಳಗೆ ಕಟ್ಟಿದ ಎಮ್ಮೆಗೂ ಇರುವಷ್ಟೇ ನೆಂಟಸ್ತಿಕೆ. ಅದು ನನಗೆ ಆಗಲೂ ಗೊತ್ತಿತ್ತು.

ಜಿಜಾಬಾಯಿ ಸರವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿಕೊಂಡಳು. "ಭವಾನಿ ಮಾಲಿ ಬಳಗದ್ದಾ?" ಎಂದು ಮತ್ತೊಮ್ಮೆ ಕೇಳಿದಳು. ಹೌದ್ರಿ ಎಂದೆ. ಬೆಂಚಿನ ಮೇಲಿಂದ ಸಪ್ನಾ ಆ ಸುಸ್ತಿನಲ್ಲೂ ನಕ್ಕಳು.

"ನಡಿ ಅವ್ವ, ನಿನ್ನ ಭವಾನಿ ದವಾಖಾನಿಗೂ ಬಂದು ಕುಂತಾಳ. ಇನ್ನ ಬಿಡೂದಿಲ್ಲ ನನ್ನ."

ಮರುದಿನ ಹೋಗಿ ಸೇರಿದರು. ನಾನು ಅವತ್ತು ಹೆಂಡತಿಯ ಮುಂದೆ ಕೊಚ್ಚಿಕೊಂಡೆ, ಒಂದು ಜೀವ ಉಳಿಸಿದೆ ಎಂದು.

ಏಳು ದಿನ ಹಗಲು ರಾತ್ರಿ ಬಿಡದೆ ಆ ಔಷಧ ಸಪ್ನಾಳ ನರದೊಳಗೆ ಇಳಿಯಿತು. ಜೊತೆಗೆ ಮೂರು ದಿನ ಇನ್ನೊಂದು, ಕೆಂಪು ಬಣ್ಣದ್ದು. ಆಮೇಲೆ ಮೂರು ವಾರ ಅವಳು ಪಟ್ಟ ಪಾಡನ್ನು ಜಿಜಾಬಾಯಿ ನನಗೆ ತುಂಡು ತುಂಡಾಗಿ ಹೇಳಿದ್ದಳು. ಬಾಯಿ ತುಂಬ ಹುಣ್ಣು, ಉಗುಳು ನುಂಗಲೂ ಆಗದು. ಮಂಡಿಯವರೆಗೆ ಬರುತ್ತಿದ್ದ ಕೂದಲು ದಿಂಬಿಗೇ ಅಂಟಿಕೊಂಡು ಬಂತು. ಚಳಿಜ್ವರ ಬಂದು ಹಲ್ಲು ಕಟಕಟಿಸಿದರೆ ತಾಯಿ ಮಂಚದ ಮೇಲೆ ಹತ್ತಿ ಅವುಚಿಕೊಂಡು ಮಲಗುತ್ತಿದ್ದಳಂತೆ. ಆ ವಾರ್ಡಿನಲ್ಲಿ ಅಕ್ಕಪಕ್ಕದ ಮೂರು ಮಂಚ ಖಾಲಿಯಾದವು, ಮೂರರಿಂದಲೂ ಯಾರೂ ನಡೆದು ಹೋಗಲಿಲ್ಲ.

ಆದರೆ ಸಪ್ನಾ ಎದ್ದಳು. ಮಾರ್ಚ್ ಮೊದಲ ವಾರ ಮಜ್ಜೆ ಮತ್ತೆ ನೋಡಿ, ರೋಗದ ಕಣ ಕಾಣುತ್ತಿಲ್ಲ ಎಂದರು. ಮನೆಗೆ ಹೋಗಿ ಮೈ ಹಿಡಿಸಿಕೊಂಡು ಇಪ್ಪತ್ತೆಂಟಕ್ಕೆ ಬನ್ನಿ, ಇನ್ನೂ ಮೂರು ಸಲ ಕೊಡಬೇಕು, ಇಲ್ಲದಿದ್ದರೆ ಮತ್ತೆ ಬರುತ್ತದೆ ಎಂದು ಡಾಕ್ಟರಮ್ಮ ಬೆರಳು ಮಡಚಿ ಮಡಚಿ ಹೇಳಿದ್ದರಂತೆ. ಭುವನೇಶ್ವರಿ ಎಂದು ಆಕೆಯ ಹೆಸರು, ಬೀದರ ಕಡೆಯವರೇ, ಕನ್ನಡದಲ್ಲೇ ಹೇಳಿದ್ದರು. ಭಾಷೆ ತಿಳಿಯಲಿಲ್ಲ ಎನ್ನುವ ಹಾಗೂ ಇಲ್ಲ.

ಆಮೇಲಿನ ಶುಕ್ರವಾರಗಳಲ್ಲಿ ಜಿಜಾಬಾಯಿ ತಪ್ಪದೆ ಬಂದಳು. ಸಪ್ನಾ ಹೇಗಿದ್ದಾಳೆ ಎಂದು ಕೇಳುತ್ತಿದ್ದೆ. "ಆರಾಮ ಅದಾಳ್ರಿ. ಮಷೀನ್ ಮ್ಯಾಲ ಕೂಡಾಕತ್ತಾಳ," ಎನ್ನುತ್ತಿದ್ದಳು. ಮತ್ತೊಂದು ವಾರ, "ಕೂದಲ ಬರಾಕತ್ತಾವ್ರಿ, ಟಗರಿನ ತುಪ್ಪಟ ಆದಂಗ." ನನಗೆ ಅಷ್ಟು ಸಾಕಾಗಿತ್ತು. ಎರಡನೆಯ ಸಲ ಯಾವಾಗ ಹೋಗಿದ್ದಿರಿ ಎಂದು ಕೇಳಲು ಒಂದು ಉಸಿರು ಬೇಕಿತ್ತು. ಗಿರಾಕಿ ನಿಂತಿರುತ್ತಿದ್ದರು, ಕೇಳಲಿಲ್ಲ.

ಪಕ್ಕದಲ್ಲಿ ಅಬ್ದುಲ್ ರಜಾಕ್‌ನ ಬಳೆ ಅಂಗಡಿ, ಜಿಜಾಬಾಯಿಯ ಎರಡನೆಯ ಬಾಗಿಲು. ಹೆಂಗಸರ ಮುಂಗೈ ನೋಡಿಯೇ ಬಳೆಯ ಅಳತೆ ಹೇಳುವ ಮನುಷ್ಯ, ಕಣ್ಣು ಚುರುಕು. ಏಪ್ರಿಲ್ ಕೊನೆಗೆ ಒಂದು ದಿನ ಚಹಾ ಕುಡಿಯುವಾಗ ಹೇಳಿದ, "ಭಾಯಿ, ಆ ಆಯಿ ಮಾಲಿ ಸಣ್ಣದಾಗಾಕತ್ತದ, ನೋಡೀರೇನು? ಮೊದಲ ಹೊಟ್ಟಿ ತನಕ ಬರ್ತಿತ್ತು. ಈಗ ಎದಿ ಮ್ಯಾಲ ಅದ."

ದಾರ ಹರಿದಿರಬೇಕು, ಇಲ್ಲ ಹರಕೆಗೆ ತುಳಜಾಪುರದಲ್ಲಿ ಕೊಟ್ಟಿರಬೇಕು ಎಂದೆ. ಅವನು ಚಹಾ ಮುಗಿಸಿ ಎದ್ದುಹೋದ, ನಾನೂ ಮರೆತೆ.

ಜೂನ್ ಹದಿನಾರರ ಬೆಳಿಗ್ಗೆ ಸಪ್ನಾ ಒಬ್ಬಳೇ ಬಂದಳು. ಮುಂಗಾರಿನ ಮೊದಲ ಮಳೆ ಬಿದ್ದು ರಸ್ತೆ ರಾಡಿಯಾಗಿತ್ತು. ಹುಮನಾಬಾದಿನಲ್ಲಿ ಜಂಪರಿನ ಲೈನಿಂಗ್ ಬಟ್ಟೆ ಕೊಳ್ಳಲು ಬಂದವಳು, ಹಾಗೇ ನನ್ನಲ್ಲಿ ಹಲ್ಲಿಗೇನಾದರೂ ಕೊಡಿ ಎಂದಳು.

"ವಸಡಿನಾಗ ರಕ್ತ ಬರಾಕತ್ತದ್ರಿ ಕಾಕಾ. ನಾಕು ದಿನ ಆತು. ಬ್ರಶ್ ಬಿರುಸಾಗ್ಯದೋ ಏನೋ."

ತುಟಿಯ ಬಣ್ಣ ನೋಡಿದೆ. ಬಳೆಯ ಮೇಲೆ, ಮೊಣಕೈಯ ಕೆಳಗೆ, ಹೆಬ್ಬೆರಳಿನಷ್ಟು ಅಗಲದ ನೀಲಿ ಕಲೆ. ಕೈಯಲ್ಲಿದ್ದ ಮಾತ್ರೆಯ ಪಟ್ಟಿಯನ್ನು ಗಲ್ಲೆಯ ಮೇಲೆ ಇಟ್ಟೆ.

"ಕೊನೇ ಸಲ ಹೈದರಾಬಾದಿಗೆ ಯಾವಾಗ ಹೋಗಿದ್ದಿ?"

"ಎಲ್ಲೀದ್ರಿ, ಅದೇ ಮಾರ್ಚ್‌ನಾಗ ಬಂದಿದ್ದೇ ಕಡೀಕ," ಎಂದಳು. ನನ್ನ ಮುಖ ನೋಡಿ ಅವಳೇ ಮುಂದುವರಿಸಿದಳು. "ನನಗ ಆ ವಾರ್ಡಿನೊಳಗ ಮತ್ತ ಹೋಗಾಕ ಆಗಲಿಲ್ಲ ಕಾಕಾ. ಆ ಮೂರು ಮಂಚ ಕಣ್ಣಿಗೆ ಬರ್ತಾವ. ಹೋಗಂಗಿಲ್ಲ ಅಂತ ಅತ್ತೆ. ಅವ್ವ ಎರಡು ದಿನ ಉಪಾಸ ಕುಂತ್ಲು ಭವಾನಿ ಮುಂದ. ಆಮ್ಯಾಲ ಎದ್ದು, ಡಾಕ್ಟರ್ ಸಾಬ್ರೇ ಹೇಳ್ಯಾರ, ಅದೇ ಔಷಧ ನಮ್ಮ ಮನ್ಯಾಗ ಅದ ಅಂದ್ಲು. ಮಾಲಿ ಬಿಚ್ಚಿದ್ಲು."

ಎರಡು ದಿನಕ್ಕೊಂದು ಕವಡೆ. ಮುಚ್ಚಳದಲ್ಲಿಟ್ಟು ಸುಟ್ಟು, ಅರೆದು, ಜೇನಿನಲ್ಲಿ ಕಲಸಿ, ಬೆಳಿಗ್ಗೆ ಅರ್ಧ, ಮರುದಿನ ಬೆಳಿಗ್ಗೆ ಅರ್ಧ. ಒಡೆದ ಕವಡೆಯನ್ನಷ್ಟೇ ಸುಡಬೇಕೆಂಬ ನೇಮದವಳು, ಮೂರು ತಲೆಮಾರು ಬಿಚ್ಚದ ಸರವನ್ನು ಬಿಚ್ಚಿ, ಗಟ್ಟಿ ಕವಡೆಗಳನ್ನು ಒಂದೊಂದಾಗಿ ಉರಿಗೆ ಹಾಕಿದ್ದಳು. ಸಪ್ನಾ ತನಗೆ ಬೇಡವೆಂದಿದ್ದ ಸರವನ್ನು ಎಂಬತ್ತಾರು ದಿನ ತಿಂದಿದ್ದಳು. ಅಷ್ಟು ದಿನ ಅವಳು ಆರಾಮಾಗಿದ್ದದ್ದು ದವಾಖಾನೆಯ ಏಳು ದಿನದ ಔಷಧದ ಪುಣ್ಯ. ಊರೆಲ್ಲ ಅದು ಬೂದಿಯ ಪುಣ್ಯ ಎಂದುಕೊಂಡಿತು. ತಾಯಿಯೂ ಹಾಗೇ ತಿಳಿದು ಕುಳ್ಳು ಹೊತ್ತಿಸುತ್ತ ಹೋದಳು.

"ಒಂಬತ್ತು ಉಳದಾವ," ಎಂದಳು ಸಪ್ನಾ. "ಯಾಕ್ರಿ ಕಾಕಾ, ಹಂಗ್ಯಾಕ ನೋಡಾಕತ್ತೀರಿ?"

ಅಂಗಡಿ ಮುಚ್ಚಿದೆ. ಕಾರು ತಂದೆ, ಮಂಠಾಳಕ್ಕೆ ಹೋಗಿ ಜಿಜಾಬಾಯಿಯನ್ನು ಹತ್ತಿಸಿಕೊಂಡೆ. ಹೈದರಾಬಾದು ಮುಟ್ಟುವವರೆಗೂ ಲೈನಿಂಗ್ ಬಟ್ಟೆಯ ಪೊಟ್ಟಣ ಸಪ್ನಾಳ ತೊಡೆಯ ಮೇಲೇ ಇತ್ತು. ಇದು ಇದೇ ಸೋಮವಾರಕ್ಕೆ ಕೊಡುವ ಜಂಪರು ಎಂದು ಒಮ್ಮೆ ಹೇಳಿದಳು.

ಡಾಕ್ಟರಮ್ಮ ರಕ್ತದ ವರದಿ ಹಿಡಿದುಕೊಂಡು ಹೊರಗೆ ಬಂದರು. ರೋಗ ತಿರುಗಿ ಬಂದಿದೆ, ಈ ಸಲ ಗಟ್ಟಿಯಾಗಿ ಬಂದಿದೆ ಎಂದರು. "ಇಪ್ಪತ್ತೆಂಟಕ್ಕ ಬರ್ರಿ ಅಂತ ಹೇಳಿದ್ದೆನಲ್ಲ ಆಯಿ, ಯಾಕ ಬರಲಿಲ್ಲ? ಯಾರರ ಬ್ಯಾಡ ಅಂದ್ರೇನು?"

ನಾನು ಅಲ್ಲೇ, ಮೂರು ಹೆಜ್ಜೆ ದೂರದಲ್ಲಿದ್ದೆ. ಜಿಜಾಬಾಯಿ ಒಮ್ಮೆ ನನ್ನ ಕಡೆ ನೋಡಿದಳು. ಅವಳ ಕಣ್ಣಲ್ಲಿ ದೂರು ಇರಲಿಲ್ಲ, ದೊಡ್ಡ ಡಾಕ್ಟರ ಮುಂದೆ ನನಗೆ ಅವಮಾನ ಆಗದಿರಲಿ ಎಂಬ ಮರ್ಯಾದೆ ಇತ್ತು.

"ಬರೂದಾಗಲಿಲ್ರಿ ಬಾಯಿ," ಎಂದಳು. "ನಂದೇ ತಪ್ಪು."

ನಾನು ಬಾಯಿ ಬಿಡಲಿಲ್ಲ. ಇಪ್ಪತ್ತೆರಡು ವರ್ಷ ಬೇಕಾದ್ದಕ್ಕೂ ಬೇಡವಾದ್ದಕ್ಕೂ ಬಾಯಿ ಬಿಟ್ಟವನು, ಅವತ್ತು ಹೇಡಿಯ ಹಾಗೆ ನೆಲ ನೋಡುತ್ತ ನಿಂತಿದ್ದೆ.

ಮತ್ತೆ ಔಷಧ ಇಳಿಸಿದರು. ಎರಡನೆಯ ವಾರ ಪುಪ್ಪುಸಕ್ಕೆ ನಂಜೇರಿತು. ಹತ್ತೊಂಬತ್ತನೆಯ ದಿನ ಸಪ್ನಾ ಹೋದಳು. ಇಪ್ಪತ್ತಮೂರು ವರ್ಷ. ಮಂಠಾಳದ ಆಚೆ ಅವರ ಮಂದಿಯ ಜಾಗದಲ್ಲಿ, ಸಣ್ಣ ಮಳೆಯಲ್ಲಿ, ಮಣ್ಣು ಮಾಡಿದರು. ನಾನೂ ಒಂದು ಹಿಡಿ ಹಾಕಿದೆ.

ಊರಿನವರು ಇದನ್ನು ಬೇರೆ ರೀತಿ ಜೋಡಿಸಿಕೊಂಡರು. ಮನೆಯಲ್ಲಿ ಕವಡೆಯ ಬೂದಿ ತಿನ್ನುವಾಗ ಹುಡುಗಿ ಮಷೀನ್ ಮೇಲೆ ಕೂತಿದ್ದಳು, ಹೈದರಾಬಾದಿಗೆ ಕರೆದುಕೊಂಡು ಹೋದರು, ಸತ್ತಳು. ಅವರು ಕಣ್ಣಿಂದ ಕಂಡದ್ದೂ ಹಾಗೇ ಅಲ್ಲವೇ? ಮೆಡಿಕಲ್‌ನವನು ಸುಮ್ಮನಿದ್ದಿದ್ದರೆ ಬದುಕುತ್ತಿದ್ದಳು ಎಂದು ನನ್ನನ್ನು ಬಯ್ದವರೂ ಇದ್ದರು. ಬೈಗುಳ ಸರಿಯಾದ ಮನುಷ್ಯನಿಗೇ ಬಂದಿತ್ತು, ಕಾರಣ ಮಾತ್ರ ತಪ್ಪಿತ್ತು.

ಶ್ರಾವಣ ಮುಗಿದ ಮೇಲೆ ಜಿಜಾಬಾಯಿ ಮತ್ತೆ ಬರತೊಡಗಿದಳು. ಕೊರಳಲ್ಲಿ ಕರಿ ಹುರಿಗೆ ಒಂಬತ್ತು ಕವಡೆ. ಚೇಷ್ಟೆ ಇಲ್ಲ, ನಗು ಇಲ್ಲ. ನಾಣ್ಯ ಹಾಕಿದರೆ ಭಂಡಾರ ಹಚ್ಚಿ ಹೋಗುವಳು. ಅವಳ ಬೆರಳು ಹಣೆಗೆ ತಾಕಿದಾಗಲೆಲ್ಲ ನನಗೆ ಎದ್ದು ಓಡಿಹೋಗೋಣ ಎನಿಸುತ್ತಿತ್ತು. ಹೇಳಬೇಕು ಎಂದುಕೊಳ್ಳುತ್ತಿದ್ದೆ. ಹೇಳಿ ಏನು ಮಾಡುವುದು, ಸತ್ತವಳು ಬರುತ್ತಾಳೆಯೇ, ತಾಯಿಗೆ ಇನ್ನೊಂದು ಬರೆ ಯಾಕೆ ಎಂದು ಮುಂದೆ ಹಾಕುತ್ತಿದ್ದೆ. ಅವಳ ಮೇಲಿನ ಕರುಣೆ ಎಂದು ಅದಕ್ಕೆ ಹೆಸರಿಟ್ಟುಕೊಂಡಿದ್ದೆ.

ನವರಾತ್ರಿಯ ಹಿಂದಿನ ಶುಕ್ರವಾರ ಅವಳು ನಾಣ್ಯ ಬಿದ್ದ ಮೇಲೂ ಹೋಗಲಿಲ್ಲ. ಅಂಗಡಿಯಲ್ಲಿದ್ದ ಗಿರಾಕಿ ಹೋಗುವವರೆಗೆ ಕಾದಳು.

"ಒಂದು ಮಾತು ಕೇಳಬೇಕಾಗ್ಯದ್ರಿ. ಸಿಟ್ಟಾಗಬ್ಯಾಡ್ರಿ."

"ಕೇಳ್ರಿ ಆಯಿ."

"ನನ್ನ ಕೈಯಾಗ ಎಲ್ಲಿ ತಪ್ಪಾತ್ರಿ? ಉರಿ ಕಡಿಮಿ ಆತೇನು? ಇಲ್ಲಾ ನಮ್ಮವ್ವನ ಕಾಲದ ಕವಡಿ, ಹಳೇವಾಗಿ ಸತ್ವ ಹೋಗಿತ್ತೇನು?" ಪರಡಿಯನ್ನು ಗಲ್ಲೆಯ ಅಂಚಿಗೆ ಇಟ್ಟಳು. "ಹುಲಸೂರಾಗ ಕುಲ್ಸುಮ್ ಬೀ ಅಂತ ಅದಾಳ. ಆಕಿ ಮೊಮ್ಮಗಳಿಗೂ ಇದೇ ಬ್ಯಾನಿ ಬಂದದಂತ. ಆರು ವರ್ಷದ ಕೂಸು. ಸಪ್ನಾ ಮೂರು ತಿಂಗಳು ಆರಾಮಿದ್ದದ್ದು ಕೇಳಿ ನನ್ನ ಕಡೆ ಬಂದಿದ್ರು. ಈ ಒಂಬತ್ತೂ ಕೊಡ್ತೀನಿ ಅಂದೀನಿ. ಈ ಸಲ ತಪ್ಪಾಗಬಾರದಲ್ರಿ, ಅದಕ್ಕ ನಿಮ್ಮನ್ನ ಕೇಳಾಕ ಬಂದೆ."

ನನ್ನ ಮುಂದೆ ಎರಡು ಸುಲಭದ ಉತ್ತರ ಇದ್ದವು. ಕವಡೆ ಹಳೆಯದಾಗಿತ್ತು ಎಂದರೆ ಅವಳಿಗೆ ಸಮಾಧಾನ, ಕೂಸಿಗೆ ಸಾವು. ಭವಾನಿಯ ಇಚ್ಛೆ ಎಂದರೂ ಅಷ್ಟೇ. ಮೂರನೆಯದು ಹೇಳಿದರೆ ಈ ಹೆಂಗಸು ತನ್ನ ಮಗಳಿಗೆ ಏನು ಮಾಡಿದಳೆಂದು ಅವಳಿಗೆ ಗೊತ್ತಾಗುತ್ತದೆ. ನಾನು ಸ್ಟೂಲಿನಿಂದ ಎದ್ದು ನಿಂತೆ.

"ಆಯಿ, ಕವಡಿಯಾಗ ಔಷಧ ಇರಲಿಲ್ಲ. ಹೊಸಾವು ಇದ್ದಿದ್ರೂ ಇರ್ತಿರಲಿಲ್ಲ. ಸುಟ್ಟ ಕವಡಿ ಅಂದ್ರ ಸುಣ್ಣ. ಎಲಿಗೆ ಹಚ್ಚೂ ಸುಣ್ಣ, ಅಷ್ಟೇ."

"ನೀವ ಹೇಳಿದ್ರಿ, ಬಳಗ ಅಂತ."

"ಹೇಳಿದ್ದೆ. ಸುಳ್ಳದು. ಆ ಔಷಧ ಕಂಡಿದ್ದು ಬ್ಯಾರೆ ಜೀವದಾಗ, ಕವಡಿಗೂ ಅದಕ್ಕೂ ಸಂಬಂಧಿಲ್ಲ. ಅದರಾಗ ಸಿಕ್ಕಿದ್ದೂ ಹಂಗ ಕೊಡೂ ಔಷಧ ಅಲ್ಲ. ಅದನ್ನ ನೋಡಿ, ಬದಲ್ ಮಾಡಿ, ಎಷ್ಟೋ ವರ್ಷ ತಿದ್ದಿ ತಿದ್ದಿ ಕಾರಖಾನ್ಯಾಗ ಮಾಡಿದ್ರು. ಈಗ ಅದರಾಗ ಸಮುದ್ರದ್ದು ಒಂದು ಹನಿನೂ ಇರಂಗಿಲ್ಲ. ಇದೆಲ್ಲಾ ನನಗ ಗೊತ್ತಿತ್ತು. ನಿಮಗ ಧೈರ್ಯ ಬರಲಿ ಅಂತ ಅರ್ಧಾನೇ ಹೇಳಿದೆ. ಅದರಾಗೂ ಸುಳ್ಳು ಕೂಡಿಸಿದೆ."

ಅವಳು ಕೊರಳಿನ ಕವಡೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಹಂಗಾರ ಮೂರು ತಿಂಗಳು ನಾ ಆಕಿಗೆ ಸುಣ್ಣ ತಿನಿಸಿದ್ನೇನ್ರಿ?"

ಹೌದ್ರಿ ಎಂದೆ.

"ದವಾಖಾನಿಗೆ ಹೋಗಿದ್ರ ಉಳೀತಿದ್ಲೇನು?"

"ಖಾತ್ರಿ ಹೇಳಾಕ ಬರಂಗಿಲ್ಲ ಆಯಿ. ಆ ವಯಸ್ಸಿನವರು ಪೂರಾ ಔಷಧ ತಗೊಂಡ್ರ ಅರ್ಧಕ್ಕರ್ಧ ಉಳೀತಾರ."

ಅವಳು ನನ್ನ ಹಿಂದಿನ ಔಷಧದ ಡಬ್ಬಿಗಳ ಸಾಲನ್ನು ನೋಡಿದಳು. "ಇಪ್ಪತ್ತೆಂಟನೇ ತಾರೀಖಿಗೆ ಮೊದಲ ಒಂದು ಸಲ ಕೇಳಬೇಕಿತ್ತು ನಿಮ್ಮನ್ನ," ಎಂದಳು ತನಗೇ ಎಂಬಂತೆ. ಆಮೇಲೆ ನನ್ನನ್ನು ನೋಡಿ, "ನೀವೂ ಒಂದು ಸಲ ಕೇಳಬೇಕಿತ್ತು ನನ್ನ," ಎಂದಳು.

ಪರಡಿಯೊಳಗೆ ಕೈ ಹಾಕಿ ನಾನು ಹಾಕಿದ್ದ ನಾಣ್ಯವನ್ನು ಹುಡುಕಿ ತೆಗೆದು ಗಲ್ಲೆಯ ಗಾಜಿನ ಮೇಲೆ ಇಟ್ಟಳು. ಭಂಡಾರ ಹಚ್ಚಲಿಲ್ಲ. ಮೆಟ್ಟಿಲಿಳಿದು ಹೋದಳು.

ಆ ದಿನವೇ ಅವಳು ಬಸ್ಸು ಹತ್ತಿ ಹುಲಸೂರಿಗೆ ಹೋದದ್ದು ನನಗೆ ತಿಂಗಳ ಮೇಲೆ ತಿಳಿಯಿತು. ಮೊಮ್ಮಗಳ ಔಷಧಕ್ಕೆಂದು ನನ್ನ ಅಂಗಡಿಗೆ ಬಂದ ಕುಲ್ಸುಮ್ ಬೀ ಹೇಳಿದಳು. ಓಣಿಯ ಮಂದಿಯೆಲ್ಲ ಕೂಡಿದ್ದರಂತೆ, ಆರಾಧಿ ಬೂದಿ ತಂದಿದ್ದಾಳೆ ಎಂದು. ಜಿಜಾಬಾಯಿ ಅವರೆಲ್ಲರ ನಡುವೆ ನಿಂತು, "ನನ್ನ ಮಗಳಿಗೆ ನಾನೇ ಸುಣ್ಣ ತಿನಿಸಿ ಕೊಂದೀನಿ. ನೀವು ಕೂಸಿನ ಕರಕೊಂಡು ಈಗಲೇ ಹೈದರಾಬಾದಿಗೆ ನಡೀರಿ," ಎಂದಳಂತೆ. ನಾನು ಮೂರು ಹೆಜ್ಜೆ ದೂರ ನಿಂತು ನುಂಗಿಕೊಂಡ ಮಾತನ್ನು ಅವಳು ಇಡೀ ಓಣಿಯ ಮುಂದೆ ಆಡಿದ್ದಳು. ನನ್ನ ಹೆಸರು ಎತ್ತಲಿಲ್ಲ. ಕೂಸಿನ ಜೊತೆ ದವಾಖಾನೆಯವರೆಗೂ ತಾನೇ ಹೋಗಿ, ಯಾವ ಕಿಟಕಿಯಲ್ಲಿ ಚೀಟಿ, ಯಾವ ಮಹಡಿಯಲ್ಲಿ ಮಂಚ ಎಂದು ತೋರಿಸಿ ಬಂದಿದ್ದಳು. ಕೂಸಿಗೆ ಈಗ ಐದನೆಯ ಸಲದ ಔಷಧ ನಡೆದಿದೆ. ಉಳಿಯುತ್ತದೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ.

ಜಿಜಾಬಾಯಿ ಶುಕ್ರವಾರ ಈಗಲೂ ಬರುತ್ತಾಳೆ. ಒಂಬತ್ತು ಕವಡೆಯ ಸರಕ್ಕೆ ಹೊಸದು ಪೋಣಿಸಿಲ್ಲ, ಮುಂದೆ ಅದನ್ನು ಹಾಕಿಕೊಳ್ಳುವವರೂ ಇಲ್ಲ. ಮೊದಲನೆಯ ಅಂಗಡಿ ಕಿರಾಣಿಯವರದು, ಎರಡನೆಯದು ರಜಾಕ್‌ನದು. ಅಲ್ಲಿಂದ ನನ್ನ ಮೆಟ್ಟಿಲ ಮುಂದೆ ಹಾದು ಬಂದೇನವಾಜ್‌ನ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲುತ್ತಾಳೆ. ಐದು ಬಾಗಿಲಿನ ನೇಮ ತಪ್ಪುವಂತಿಲ್ಲವಲ್ಲ, ಮೂರನೆಯದು ಈಗ ಅದು. ನಾನು ಒಂದು ನಾಣ್ಯ ತೆಗೆದು ಗಾಜಿನ ಮೇಲೆ ಇಟ್ಟುಕೊಂಡು ಕೂತಿರುತ್ತೇನೆ.